ಹೊನ್ನಾವರದ ನ್ಯಾಯಮೂರ್ತಿ ಚಂದಾವರಕರ

ನಮ್ಮ ಭಾಗದ ಹಿರಿಯರು ಹಳೆಯ ಹೊಲದ ದಾವೆಯ ಮಾತು ತೆಗೆದರೆ "ಮುಂಬೈ ಹೈಕೋರ್ಟಿನ ತನಕ ಹೋಗಿತ್ತು" ಎನ್ನುವುದುಂಟು. ಬ್ರಿಟಿಷರ ಕಾಲದ ಬೆಳಗಾವಿ ಜಿಲ್ಲೆಯ ಮೇಲ್ಮನವಿಗಳು ಅಲ್ಲಿಗೇ ಹೋಗುತ್ತಿದ್ದವು. (ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು, ಆ ಮಾತು ಬೇರೆ.) ಆ ಹೈಕೋರ್ಟಿನ ಪೀಠದಲ್ಲಿ ನಮ್ಮ ನಾಡಿನವರೊಬ್ಬರು ಕುಳಿತಿದ್ದರೆಂಬುದು ಬಹಳಷ್ಟು ವಿದ್ಯಾರ್ಥಿಗಳಿಗೆ ತಿಳಿದಿಲ್ಲ. ಅವರೇ ಸರ್ ನಾರಾಯಣ ಗಣೇಶ ಚಂದಾವರಕರ.

1855ರ ಡಿಸೆಂಬರ್ 2ರಂದು ಅವರು ಹೊನ್ನಾವರದಲ್ಲಿ ಜನಿಸಿದರು. ಆಗ ಮದ್ರಾಸ್ ಪ್ರಾಂತದಲ್ಲಿದ್ದ ಉತ್ತರ ಕನ್ನಡ 1862ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿತು. ಓದಿಗಾಗಿ ಮುಂಬೈಗೆ ಹೋದ ಅವರು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಕಲಿತು, 1881ರಲ್ಲಿ ಕಾನೂನು ಪದವಿ ಪಡೆದರು. ವಕೀಲಿಯ ಜೊತೆಗೆ 'ಇಂದುಪ್ರಕಾಶ' ಪತ್ರಿಕೆಯ ಇಂಗ್ಲಿಷ್ ವಿಭಾಗವನ್ನೂ ನೋಡಿಕೊಂಡರು. 1885ರಲ್ಲಿ ಭಾರತದ ಅಹವಾಲನ್ನು ಇಂಗ್ಲೆಂಡಿನ ಮತದಾರರಿಗೆ ತಿಳಿಸಲು ಹೋದ ಮೂವರಲ್ಲಿ ಇವರೂ ಒಬ್ಬರು.

1900ರ ಡಿಸೆಂಬರಿನಲ್ಲಿ ಲಾಹೋರ್ ಕಾಂಗ್ರೆಸ್ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ಅದೇ ಹೊತ್ತಿಗೆ ಹೈಕೋರ್ಟಿನ ನ್ಯಾಯಾಧೀಶ ಹುದ್ದೆಯೂ ಬಂತು. 1901ರಲ್ಲಿ ಪೀಠವೇರಿದ ಮೇಲೆ ಸುಮಾರು ಹನ್ನೆರಡು ವರ್ಷ ರಾಜಕೀಯದಿಂದ ದೂರ ಉಳಿದರು. ಇದು ಹೊಸದೇನಲ್ಲ. 1874ರಲ್ಲಿ ಅಂಜುಮನ್-ಎ-ಇಸ್ಲಾಂ ಕಟ್ಟಿದವರಲ್ಲಿ ಪ್ರಮುಖರಾದ ಬದ್ರುದ್ದೀನ್ ತಯ್ಯಬ್‌ಜೀ ಸಾಹೇಬರೂ 1887ರಲ್ಲಿ ಮದ್ರಾಸ್ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ, 1895ರಲ್ಲಿ ಅದೇ ಹೈಕೋರ್ಟಿನ ನ್ಯಾಯಾಧೀಶರಾದವರು. ಒಳ್ಳೆಯ ವಾಗ್ಮಿಗಳನ್ನು ಪೀಠಕ್ಕೆ ಕರೆದುಕೊಂಡರೆ ಸರ್ಕಾರಕ್ಕೆ ಲಾಭವೇ ಆಗಿತ್ತೆಂದು ನನಗೆ ಅನ್ನಿಸುತ್ತದೆ.

ಆದರೆ ಚಂದಾವರಕರರು ಸುಮ್ಮನೆ ಕೂಡಲಿಲ್ಲ. ರಾನಡೆಯವರ ನಂತರ ಪ್ರಾರ್ಥನಾ ಸಮಾಜದ ಹೊಣೆ ಹೊತ್ತರು. ನಮ್ಮ ಪಕ್ಕದ ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂಧೆಯವರು 1906ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಶಿಕ್ಷಣಕ್ಕಾಗಿ ಮುಂಬೈಯಲ್ಲಿ ಮಿಷನ್ ಆರಂಭಿಸಿದಾಗ ಅದರ ಅಧ್ಯಕ್ಷರಾದವರು ಇದೇ ನ್ಯಾಯಮೂರ್ತಿಗಳು. ಪರಳದ ಒಂದು ಸಣ್ಣ ಶಾಲೆಯ ಬೆನ್ನಿಗೆ ಹೈಕೋರ್ಟಿನ ನ್ಯಾಯಾಧೀಶರೇ ನಿಂತರು! ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಅವರ ತೀರ್ಪುಗಳಿಗಿಂತ ನನಗೆ ದೊಡ್ಡದಾಗಿ ಕಾಣುವುದು ಈ ಕೆಲಸವೇ.

1913ರಲ್ಲಿ ಪೀಠ ಬಿಟ್ಟು ಸ್ವಲ್ಪ ಕಾಲ ಇಂದೂರಿನ ದಿವಾನರಾಗಿದ್ದು, ಮತ್ತೆ ರಾಜಕೀಯಕ್ಕೆ ಬಂದರು. ಅಷ್ಟರಲ್ಲಿ ದೇಶದ ಗಾಳಿ ಬದಲಾಗಿತ್ತು. ಅರ್ಜಿ, ಭಾಷಣಗಳ ಸೌಮ್ಯವಾದಿಗಳನ್ನು ಯುವಕರು ಕೇಳುತ್ತಿರಲಿಲ್ಲ. ಆದರೂ 1920ರಲ್ಲಿ ಜಲಿಯನ್‌ವಾಲಾ ಬಾಗ್ ಕುರಿತ ಹಂಟರ್ ಸಮಿತಿಯ ವರದಿಯನ್ನು ಖಂಡಿಸಲು ಮುಂಬೈಯಲ್ಲಿ ಸಭೆ ಸೇರಿದಾಗ, ಸರ್ಕಾರದ 'ಸರ್' ಪದವಿ ಪಡೆದಿದ್ದ ಈ ಹಿರಿಯರೇ ಅಧ್ಯಕ್ಷತೆ ವಹಿಸಿದರು.

1921ರಲ್ಲಿ ಮುಂಬೈ ವಿಧಾನ ಪರಿಷತ್ತಿನ ಅಧ್ಯಕ್ಷರಾದರು. 1923ರ ಮೇ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ನಂತರ ಆ ಪೀಠಕ್ಕೆ ಬಂದವರು ಇಬ್ರಾಹಿಂ ರಹಿಮತುಲ್ಲಾ ಸಾಹೇಬರು.