'ತಾನು' ಎಂಬ ಹೆಸರಿನ ಭಾಷೆ

ಇಂದು ಕುರ್ಲಾದ ಕನ್ನಡ ಮನೆಗಳ ಮಕ್ಕಳು ಗಣಕಯಂತ್ರದ ವಿದ್ಯೆಯನ್ನು ಕಲಿಯುತ್ತಿರುವರು. ಯಂತ್ರಕ್ಕೂ ಭಾಷೆಗಳುಂಟು. ಅವುಗಳಲ್ಲಿ 'ಸೆಲ್ಫ್', ಅರ್ಥಾತ್ 'ತಾನು', ಎಂಬುದರ ಚರಿತ್ರೆಯು ಪರಸ್ಥಳದಲ್ಲಿ ಕನ್ನಡ ಉಳಿಸಿಕೊಳ್ಳಬೇಕೆಂಬ ನಾವು ತಿಳಿಯತಕ್ಕುದಾಗಿದೆ.

1986ರಲ್ಲಿ ಅಮೆರಿಕದ ಝೆರಾಕ್ಸ್ ಸಂಶೋಧನಾಲಯದಲ್ಲಿ ಡೇವಿಡ್ ಉಂಗರ್, ರಾಂಡಲ್ ಸ್ಮಿತ್ ಎಂಬವರು ಇದನ್ನು ಪ್ರಯೋಗಾರ್ಥವಾಗಿ ಕಲ್ಪಿಸಿದರು. ಬ್ಯಾಂಕಿನ ಖಾತೆಯೊಂದು ತನ್ನ ಶಿಲ್ಕನ್ನೂ ಜಮಾ-ಖರ್ಚಿನ ನಿಯಮವನ್ನೂ ತನ್ನೊಳಗೇ ಇಟ್ಟುಕೊಂಡಿದೆಯೆಂದು ಭಾವಿಸೋಣ. ಅಂಥದಕ್ಕೆ 'ಆಬ್ಜೆಕ್ಟ್' ಎನ್ನುವರು. ಇಂಥ ಅನೇಕ ಭಾಷೆಗಳಲ್ಲಿ ಮೊದಲು ಖಾತೆಯ ನಮೂನೆಯನ್ನು ಬರೆದು, ಅನಂತರ ಖಾತೆ ತೆರೆಯಬೇಕು. ಸೆಲ್ಫಿನಲ್ಲಾದರೋ ಇರುವ ಖಾತೆಯನ್ನೇ ನಕಲು ಮಾಡಿ, ಬೇಕಾದಂತೆ ತಿದ್ದಿಕೊಂಡರಾಯಿತು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬೆಳೆದು, ಸನ್ ಕಂಪನಿಯ ಆಶ್ರಯ ಪಡೆದ ಈ ಕಾರ್ಯವು 1995ರಲ್ಲಿ ಅಲ್ಲಿ ನಿಂತುಹೋಯಿತು. ಆದರೂ ಭಾಷೆ ಅಳಿಯಲಿಲ್ಲ. ಅದರ ಮೂಲಬರಹವನ್ನು ಯಾರು ಬೇಕಾದರೂ ಓದಿ ತಿದ್ದಬಹುದಾಗಿದ್ದಿತು. ಆದುದರಿಂದಲೇ ಆಸಕ್ತರು 2010ರಲ್ಲೂ 2017ರಲ್ಲೂ ಹೊಸ ಆವೃತ್ತಿಗಳನ್ನು ಹೊರತಂದರು. ನಮೂನೆಯ ಹಂಗಿಲ್ಲದ ಅದರ ರೀತಿಯನ್ನು ಬ್ರೆಂಡನ್ ಐಕ್ ಅವರು 1995ರಲ್ಲಿ ಜಾವಾಸ್ಕ್ರಿಪ್ಟಿಗೆ ತಂದರು. ಕೆಲಸ ನಡೆಯುತ್ತಿರುವಾಗಲೇ ಹೆಚ್ಚು ಬಳಕೆಯ ಭಾಗಗಳನ್ನು ಗುರುತಿಸಿ ವೇಗಗೊಳಿಸುವ ಅದರ ಉಪಾಯವು 1999ರಲ್ಲಿ ಜಾವಾ ಭಾಷೆಯನ್ನು ಸೇರಿತು. ಹೀಗೆ 'ತಾನು' ಎಂಬ ಹೆಸರಿನದು ಉಳಿದುದು ಅನ್ಯರ ಕೈಯಲ್ಲಿ.

ಕನ್ನಡಕ್ಕೂ ಇದೇ ದಾರಿಯೆಂದು ನಮಗೆ ತೋರುವುದು. ಸಂಘದ ಕಪಾಟಿಗೆ ಬೀಗ ಹಾಕಿ ನುಡಿಯನ್ನು ಕಾಯಲಾರೆವು. ಮಕ್ಕಳು ಅದರಲ್ಲಿ ಮರಾಠಿ ಬೆರೆಸಲಿ, ತಪ್ಪಾಡಲಿ, ತಮಗೆ ಬೇಕಾದಂತೆ ತಿದ್ದಿಕೊಳ್ಳಲಿ. ಗದರಿಸದೆ ಅವರ ಕೈಗೇ ಕೊಡೋಣ.