ಪಹಣಿಯಲ್ಲಿಲ್ಲದ ಹೆಸರು: ಕಲಬುರಗಿ ಸೀಮೆಯ ಕಥನ ಮತ್ತು ಹೊಲದ ಕೂಲಿ

ಪಹಣಿಯ 9ನೇ ಅಂಕಣದಲ್ಲಿ ಹೊಲದ ಮಾಲೀಕರ ಹೆಸರು, 12ನೇ ಅಂಕಣದಲ್ಲಿ ಸಾಗುವಳಿದಾರರ ಹೆಸರು ಇರುತ್ತದೆ. ಅದೇ ಹೊಲದಲ್ಲಿ ಸದಿ ತೆಗೆದವಳಿಗೆ, ತೊಗರಿ ಕೊಯ್ದು ಬಣವೆ ಒಟ್ಟಿದವಳಿಗೆ ಅಂಕಣವಿಲ್ಲ. ಕಲಬುರಗಿ ಸೀಮೆಯ ಕಷ್ಟದ ವರ್ಷಗಳನ್ನು ದಾಖಲೆಗಳಲ್ಲಿ ಹುಡುಕಲು ಕೂತಾಗಲೆಲ್ಲ ನನ್ನನ್ನು ತಡೆದದ್ದು ಈ ಕೊರತೆ. ಕಥೆ, ಕಾದಂಬರಿಗಳ ಕಡೆಗೆ ನಾನು ತಿರುಗಿದ್ದು ಇದರಿಂದಲೇ.

2022ರ ಮುಂಗಾರಿನಲ್ಲಿ ಬಿತ್ತಿದ ತೊಗರಿಯನ್ನೇ ನೋಡಿ. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ನೆಟೆರೋಗ ಬಿತ್ತು, ನಿಂತ ಗಿಡ ನಿಂತಲ್ಲೇ ಒಣಗಿತು. ಸರ್ಕಾರ ಕೊಟ್ಟ ಪರಿಹಾರ ಹೆಕ್ಟೇರಿನ ಲೆಕ್ಕದಲ್ಲಿ ಹೊಲವಿದ್ದವರ ಖಾತೆಗೆ ಹೋಯಿತು. ರೈತರಿಗೆ ಅದು ಸಿಗಬೇಕಾದದ್ದೇ. ಆದರೆ ಕೊಯ್ಯಲು ಬೆಳೆಯೇ ಉಳಿಯದಿದ್ದಾಗ ಡಿಸೆಂಬರ್, ಜನವರಿಯ ಕೂಲಿ ಕಳೆದುಕೊಂಡ ಹೆಂಗಸಿನ ನಷ್ಟವನ್ನು ಯಾವ ಹೆಕ್ಟೇರಿನಲ್ಲಿ ಅಳೆಯುವುದು?

ಈ ಪ್ರಶ್ನೆ ಇಟ್ಟುಕೊಂಡು ಗೀತಾ ನಾಗಭೂಷಣ ಅವರನ್ನು ಮತ್ತೆ ಓದಿದೆ. 1942ರಲ್ಲಿ ಸಾವಳಗಿಯಲ್ಲಿ ಹುಟ್ಟಿದ ಅವರು ಕಲಬುರಗಿಯ ಎಂ.ಎಸ್.ಕೆ. ಮಿಲ್ಲಿನ ಕಾರ್ಮಿಕರೊಬ್ಬರ ಮಗಳು. 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದ ಲೇಖಕಿಯೊಬ್ಬರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಕೆಳಜಾತಿಯ ದುಡಿಯುವ ಜನ, ಅವರಲ್ಲೂ ಹೆಂಗಸರು, ಈ ಕಾದಂಬರಿಯಲ್ಲಿ ತಮ್ಮದೇ ಮಾತಿನಲ್ಲಿ ಬದುಕುತ್ತಾರೆ, ಜಗಳಾಡುತ್ತಾರೆ, ಸಾಲ ಮಾಡುತ್ತಾರೆ. ಈ ಭಾಷೆಯನ್ನು 'ಪ್ರಾದೇಶಿಕ ಸೊಗಡು' ಎಂದು ಹೊಗಳಿ ಮುಂದೆ ಹೋಗುವ ವಿಮರ್ಶೆ ನನಗೆ ಒಪ್ಪಿಗೆಯಿಲ್ಲ. ಆಳಿನ ಮನೆಯ ಮುದುಕಿಯನ್ನು ಗೌಡರ ಮನೆಯ ಹುಡುಗ ಏಕವಚನದಲ್ಲಿ ಕರೆಯುತ್ತಾನೆ, ಆಕೆ ಅವನಿಗೆ 'ರೀ' ಹಚ್ಚಿ ಮಾತಾಡುತ್ತಾಳೆ. ಶಿಷ್ಟ ಕನ್ನಡಕ್ಕೆ ತಿದ್ದಿದರೆ ಇಬ್ಬರ ಮಾತಿನ ನಡುವಿನ ಈ ಅಂತರ ಅಳಿಸಿಹೋಗುತ್ತದೆ. ಸೊಗಡು ಎಂದು ಕರೆಯುವುದರೊಳಗೆ ಸಾಕ್ಷ್ಯವೂ ಇದೆ.

ಸಂಶೋಧಕರಿಗೆ ಇಲ್ಲೊಂದು ಎಚ್ಚರಿಕೆ ಬೇಕು. ಕಾದಂಬರಿಯಿಂದ ಕೂಲಿಯ ದರ ಹೆಕ್ಕಬಾರದು, ಬರದ ವರ್ಷವನ್ನೂ ನಿಗದಿ ಮಾಡಬಾರದು. ಯಾರು ಯಾರ ಅಂಗಳದಲ್ಲಿ ಎಷ್ಟು ದೂರ ನಿಂತು ಕೂಲಿ ಇಸಿದುಕೊಳ್ಳುತ್ತಾರೆ, ಗಂಡನ ಸಾಲಕ್ಕೆ ಹೆಂಡತಿಯ ದುಡಿಮೆ ಹೇಗೆ ಒತ್ತೆಬೀಳುತ್ತದೆ ಎಂಬುದನ್ನು ಮಾತ್ರ ಅದು ಬೇರೆ ಯಾವ ದಾಖಲೆಗಿಂತಲೂ ಹತ್ತಿರದಿಂದ ತೋರಿಸುತ್ತದೆ.

ಕಾನೂನಿನ ಕಡತದಲ್ಲಿ ಈ ಎರಡನೆಯ ಸಂಗತಿ ಮಸುಕಾಗಿಯಷ್ಟೇ ಕಾಣುತ್ತದೆ. ಹೈದರಾಬಾದ್ ಸಂಸ್ಥಾನದಲ್ಲಿ ಸಾಲಕ್ಕೆ ದುಡಿಯುವ ಪದ್ಧತಿಗೆ 'ಭಾಗೇಲಾ' ಎಂಬ ಹೆಸರಿತ್ತು; ನಿಜಾಮರ ಸರ್ಕಾರ 1936ರಲ್ಲಿ ಆ ಕರಾರುಗಳ ಮೇಲೆ ನಿಯಮ ತಂದಿತು. 1976ರ ಜೀತಪದ್ಧತಿ ರದ್ದತಿ ಕಾಯ್ದೆಯ ವ್ಯಾಖ್ಯೆಯೊಳಗಿನ ಪಟ್ಟಿಯಲ್ಲಿ ಭಾಗೇಲಾ, ಜೀತ ಎರಡೂ ಇವೆ. ಸಾಲಗಾರನ ಮನೆಯವರ ದುಡಿಮೆಯೂ ಆ ವ್ಯಾಖ್ಯೆಯೊಳಗೆ ಬರುತ್ತದೆ; ಆದರೆ ಕರಾರು ಸಾಮಾನ್ಯವಾಗಿ ಇರುತ್ತಿದ್ದುದು ಸಾಲ ಪಡೆದವನ ಹೆಸರಿನಲ್ಲಿ. ದಣಿಯ ಮನೆಯಲ್ಲಿ ಸಗಣಿ ಬಳಿಯುತ್ತಿದ್ದ ಅವನ ಹೆಂಡತಿಯದು ಯಾವ ಕರಾರು? ಆಕೆಯ ಮೈಯನ್ನೂ ಸಾಲದ ಬಡ್ಡಿಯಂತೆ ಕಂಡ ಲೋಕವನ್ನು ಬಲ್ಲ ಗೀತಾ ಅವರಂಥ ಲೇಖಕಿ ಮಾತ್ರ ತಮ್ಮ ಕಾದಂಬರಿಗೆ 'ಹಸಿಮಾಂಸ ಮತ್ತು ಹದ್ದುಗಳು' ಎಂದು ಹೆಸರಿಡಬಲ್ಲರು.

ಹೋಲಿಕೆಗೆ ಇನ್ನೆರಡು ಕೃತಿಗಳನ್ನು ಪಕ್ಕದಲ್ಲಿ ಇಟ್ಟುಕೊಂಡೆ. ಜಗತ್ತು ಆರ್ಥಿಕ ಮುಗ್ಗಟ್ಟಿನಲ್ಲಿ ನಲುಗುತ್ತಿದ್ದಾಗ, 1933ರಲ್ಲಿ, ಕಾರಂತರ 'ಚೋಮನ ದುಡಿ' ಬಂತು; 1939ರಲ್ಲಿ ಸ್ಟೈನ್‌ಬೆಕ್ಕರ 'ದಿ ಗ್ರೇಪ್ಸ್ ಆಫ್ ರಾತ್'. ಒಕ್ಲಹೋಮಾದ ಜೋಡ್ ಕುಟುಂಬಕ್ಕೆ ಉಳುತ್ತಿದ್ದ ನೆಲವಿತ್ತು, ಅದು ಕೈತಪ್ಪಿತು, ಅವರು ಕ್ಯಾಲಿಫೋರ್ನಿಯಾದ ತೋಟಗಳಿಗೆ ಗುಳೆ ಹೊರಟರು. ಚೋಮನ ಹಟ್ಟಿಯಲ್ಲಿ ಎತ್ತುಗಳಿವೆ, ಉಳಲು ತನ್ನದೆನ್ನುವ ನೆಲ ಸಿಗದಂತೆ ಜಾತಿ ಅಡ್ಡ ನಿಂತಿದೆ. ನಮ್ಮ ಸೀಮೆಯ ಕಥನವನ್ನು ಓದುವಾಗ ಚೋಮನೇ ನನಗೆ ಹೆಚ್ಚು ಹತ್ತಿರ. ಕಳೆದುಕೊಂಡವನಿಗೆ ತನ್ನದಾಗಿದ್ದುದರ ನೆನಪಿರುತ್ತದೆ, ಆ ನೆನಪು ಸಿಟ್ಟಿಗೆ ಬಲ ಕೊಡುತ್ತದೆ. ಎಂದೂ ಪಡೆಯದವರ ಸಿಟ್ಟು ಎಲ್ಲಿಂದ ಹುಟ್ಟುತ್ತದೆ, ಹೇಗೆ ಮಾತಾಗುತ್ತದೆ? ಗೀತಾ ಅವರ ಹೆಂಗಸರ ಬೈಗುಳಗಳನ್ನು ನಾನು ಈ ಪ್ರಶ್ನೆಗೆ ಉತ್ತರವೆಂದೇ ಓದುತ್ತೇನೆ.

ಕೃತಿಗಳಿಂದ ಮತ್ತೆ ಹೊಲಕ್ಕೆ ಬರುತ್ತೇನೆ. ಕಲಬುರಗಿಯಿಂದ ಹುಮನಾಬಾದ್ ದಾರಿಯಲ್ಲಿ ಸುಮಾರು 35 ಕಿ.ಮೀ. ಹೋದರೆ ಕಮಲಾಪುರ. ಅಲ್ಲಿಯ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಕಲಬುರಗಿಯ ತೊಗರಿಬೇಳೆಗೂ 2019ರಲ್ಲಿ ಸಿಕ್ಕಿತು. ಬೆಳೆಗೆ ಊರಿನ ಹೆಸರು ಕಾಯಂ ಆಯಿತು, ನನಗೂ ಅದರ ಹೆಮ್ಮೆಯಿದೆ. ಸುಗ್ಗಿಯ ದಿನಗಳಲ್ಲಿ ಅಲ್ಲಿ ಕೂಲಿಯ ಹೆಂಗಸರು ಬುತ್ತಿ ಕಟ್ಟಿಕೊಂಡು, ಕುಡಗೋಲನ್ನು ಅರಿವೆಯಲ್ಲಿ ಸುತ್ತಿಕೊಂಡು, ಹೊತ್ತು ಏರುವ ಮೊದಲೇ ಟಂಟಂ ಹತ್ತುತ್ತಾರೆ. ಕರೆದೊಯ್ಯುವವನು ಹೆಸರು ಬರೆದುಕೊಳ್ಳುವುದಿಲ್ಲ. ಎಷ್ಟು ತಲೆ ಎಂದು ಎಣಿಸುತ್ತಾನೆ, ಸಂಜೆ ಬಟವಾಡೆಯೂ ತಲೆಯ ಲೆಕ್ಕಕ್ಕೇ.

ಉದ್ಯೋಗ ಖಾತ್ರಿ ಯೋಜನೆ 2006ರ ಫೆಬ್ರವರಿಯಲ್ಲಿ ಮೊದಲ ಹಂತದಲ್ಲೇ ಈ ಜಿಲ್ಲೆಗೆ ಬಂದದ್ದನ್ನು ನಾನು ದೊಡ್ಡ ಸಂಗತಿಯೆಂದು ಎಣಿಸುವುದು ಇದಕ್ಕಾಗಿ. ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಎಂಬುದು ಒಂದು. ಹಾಜರಿ ಪಟ್ಟಿಯಲ್ಲಿ ಆಕೆಯ ಹೆಸರು, ಹೆಸರಿನ ಮುಂದೆ ದುಡಿದ ದಿನಗಳು, ಇದು ಇನ್ನೊಂದು. ಕರಾರಿನಲ್ಲೂ ಪಹಣಿಯಲ್ಲೂ ಕಾಣದವಳು ಇಲ್ಲಿ ಕೂಲಿಕಾರಳಾಗಿಯೇ ಸರ್ಕಾರದ ಕಾಗದಕ್ಕೆ ಬಂದಳು.

ಮುಂದಿನ ಓದಿಗೆ 'ಬದುಕು' ಮತ್ತು ಈ ಹಾಜರಿ ಪಟ್ಟಿಗಳನ್ನು ಎದುರುಬದುರು ಇಟ್ಟುಕೊಂಡಿದ್ದೇನೆ. ಪಟ್ಟಿಯಲ್ಲಿ ಹೆಸರಿದೆ, ದಿನಗಳಿವೆ. ಸದಿ ತೆಗೆದು ತೆಗೆದು ಹೆಬ್ಬೆರಳಿನ ಗೆರೆ ಸವೆದವಳು ನ್ಯಾಯಬೆಲೆ ಅಂಗಡಿಯ ಯಂತ್ರದ ಮುಂದೆ ನಿಂತು, ಬೆರಳನ್ನು ಸೆರಗಿಗೆ ಒರೆಸಿ ಒರೆಸಿ ಮತ್ತೆ ಮತ್ತೆ ಒತ್ತುವುದು ಪಟ್ಟಿಯಲ್ಲಿ ಇಲ್ಲ.