ಆನೆ ರೈಲು ಮತ್ತು ಮೈಸೂರಿನ ಇಂದಿರಾ

ಯಮುನೆಯ ಪೂರ್ವ ದಡದಲ್ಲಿರುವ ಲಕ್ಷ್ಮೀ ನಗರದಲ್ಲಿ ಸಂಸಾರ ಹೂಡಿದ ನಮಗೆ, ರಜೆ ಬಂದಾಗ ಚಿಕ್ಕ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದೆಂಬ ಪ್ರಶ್ನೆಗೆ ಹತ್ತಿರದ ಉತ್ತರವೊಂದಿತ್ತು. ವಿಕಾಸ ಮಾರ್ಗದ ಸೇತುವೆ ದಾಟಿದರೆ ಐಟಿಒ. ಅಲ್ಲಿಂದ ಅನತಿದೂರದ ಕೋಟ್ಲಾ ಮಾರ್ಗದಲ್ಲಿ ರಾಷ್ಟ್ರೀಯ ಬಾಲಭವನ. 1956ರಲ್ಲಿ ಜವಾಹರಲಾಲ್ ನೆಹರೂ ಅವರ ಆಸಕ್ತಿಯಿಂದ ಸ್ಥಾಪನೆಯಾದ ಈ ಸಂಸ್ಥೆಯ ಆವರಣದಲ್ಲಿ ಮಕ್ಕಳ ಪುಟ್ಟ ರೈಲೊಂದು ಓಡುತ್ತಿತ್ತು. ಬೆಂಗಳೂರಿನ ಕಬ್ಬನ್ ಪಾರ್ಕಿನ ಪುಟಾಣಿ ರೈಲನ್ನು ಬಲ್ಲ ನಮಗೆ ಅದರಲ್ಲಿ ಹೊಸತೇನೂ ಇರಲಿಲ್ಲ. ಮಕ್ಕಳಿಗೋ ಅದೇ ಒಂದು ಮಹಾಯಾತ್ರೆ.

ಒಮ್ಮೆ ರೈಲು ಒಂದು ಸುತ್ತು ಮುಗಿಸಿ ಹೊರಟಲ್ಲಿಗೇ ಬಂದು ನಿಂತಾಗ, ಮಗುವೊಂದು ಹಿಂದಿಯಲ್ಲಿ ಕೇಳಿತು: ‘ಈ ರೈಲು ಎಲ್ಲಿಗೂ ಹೋಗುವುದಿಲ್ಲವೆ?’ ಆ ಪ್ರಶ್ನೆ ನಮಗೆ ನಿಜವಾಗಿಯೂ ಮಕ್ಕಳಿಗಾಗಿ ಹೊರಟು, ಒಂದು ಗುರಿ ಮುಟ್ಟಿದ ಇನ್ನೊಂದು ರೈಲನ್ನು ನೆನಪಿಸಿತು. ಆ ಚರಿತ್ರೆಯಲ್ಲಿ ನೆಹರೂ ಅವರೂ ಇದ್ದಾರೆ, ಕನ್ನಡವೂ ಇದೆ.

ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಟೋಕಿಯೋದ ಉಯೆನೊ ಮೃಗಾಲಯದ ಮೂರು ಆನೆಗಳನ್ನು ಆಹಾರ ಕೊಡದೆ ಸಾಯಿಸಲಾಯಿತು. ಬಾಂಬ್ ದಾಳಿಯಾದರೆ ಪ್ರಾಣಿಗಳು ತಪ್ಪಿಸಿಕೊಂಡು ಜನರ ಮೇಲೆರಗಬಹುದೆಂಬುದು ಅದಕ್ಕೆ ಹೇಳಲಾದ ಕಾರಣ. ನಗೋಯಾ ನಗರದ ಹಿಗಾಶಿಯಾಮಾ ಮೃಗಾಲಯದ ನಿರ್ದೇಶಕ ಕಿತಾಓ ಎಯಿಚಿ ಮಾತ್ರ ತಮ್ಮ ಆನೆಗಳನ್ನು ಕೊಲ್ಲಲೊಪ್ಪಲಿಲ್ಲ. ಅಲ್ಲಿದ್ದ ನಾಲ್ಕರಲ್ಲಿ ಮಕಾನಿ ಮತ್ತು ಎಲ್ಡೊ ಎಂಬ ಎರಡು ಹೇಗೋ ಬದುಕುಳಿದವು. 1949ರ ಆರಂಭದಲ್ಲಿ ಇಡೀ ಜಪಾನಿನಲ್ಲಿ ಉಳಿದಿದ್ದ ಆನೆಗಳು ಅವೆರಡೇ.

ಒಂದನ್ನು ತಮಗೆ ಎರವಲಾಗಿ ಕೊಡಿರೆಂದು ಕೇಳಲು ಆ ವರ್ಷ ಟೋಕಿಯೋದ ಮಕ್ಕಳ ಪ್ರತಿನಿಧಿಗಳಿಬ್ಬರು ನಗೋಯಾಕ್ಕೆ ಹೋದರು. ಆದರೆ ಒಂದನ್ನು ಬಿಟ್ಟು ಇನ್ನೊಂದು ಇರಲಾರದ ಜೋಡಿಯದು, ಬೇರ್ಪಡಿಸಲು ಆಗಲಿಲ್ಲ. ಆನೆ ಮಕ್ಕಳ ಬಳಿಗೆ ಬರಲಾಗದಿದ್ದರೆ ಮಕ್ಕಳೇ ಆನೆಯ ಬಳಿಗೆ ಹೋಗಲಿ ಎಂದು ದೊಡ್ಡವರು ನಿರ್ಧರಿಸಿದರು. 1949ರ ಜೂನ್‌ನಿಂದ ಜಪಾನಿನ ರೈಲ್ವೆ ‘ಆನೆ ರೈಲು’ಗಳನ್ನು ಓಡಿಸಿತು. ಹಲವು ಊರುಗಳಿಂದ ಸಾವಿರಾರು ಮಕ್ಕಳು ನಗೋಯಾಕ್ಕೆ ಬಂದು ಆನೆಯನ್ನು ಕಣ್ತುಂಬ ನೋಡಿದರು. ಸೋತು ಸುಣ್ಣವಾಗಿದ್ದ, ಉಣ್ಣುವ ಅನ್ನಕ್ಕೂ ತತ್ವಾರವಿದ್ದ ದೇಶವೊಂದು ಮಕ್ಕಳ ಆಸೆಗೆಂದು ಗಾಡಿ ಹೂಡಿತೆಂಬುದು ಸಣ್ಣ ಸಂಗತಿಯಲ್ಲ.

ಟೋಕಿಯೋದ ಮಕ್ಕಳು ಅಷ್ಟಕ್ಕೇ ಸುಮ್ಮನಾಗಲಿಲ್ಲ. ತಮಗೊಂದು ಆನೆ ಬೇಕೆಂದು ನೆಹರೂ ಅವರಿಗೆ ಪತ್ರಗಳನ್ನು ಬರೆದರು. ಕಲ್ಕತ್ತೆಯ ವ್ಯಾಪಾರಿಯೊಬ್ಬರು ಆ ಪತ್ರಗಳನ್ನು ಭಾರತಕ್ಕೆ ತಂದರು. ನೆಹರೂ ಆರಿಸಿ ಕಳುಹಿಸಿದ್ದು ನಮ್ಮ ಮೈಸೂರು ರಾಜ್ಯದ ಹದಿನೈದು ವರ್ಷದ ಹೆಣ್ಣಾನೆಯನ್ನು. ಅದಕ್ಕೆ ಅವರು ತಮ್ಮ ಮಗಳ ಹೆಸರಿಟ್ಟರು: ಇಂದಿರಾ. ಇದು ತಮ್ಮ ಉಡುಗೊರೆಯಲ್ಲ, ಭಾರತದ ಮಕ್ಕಳು ಜಪಾನಿನ ಮಕ್ಕಳಿಗೆ ಕೊಟ್ಟದ್ದು ಎಂಬ ಮಾತನ್ನು ಅವರು ಆನೆಯ ಜೊತೆಗಿನ ಪತ್ರದಲ್ಲಿ ಸ್ಪಷ್ಟಪಡಿಸಿದ್ದರು. 1949ರ ಸೆಪ್ಟೆಂಬರಿನಲ್ಲಿ ಇಂದಿರಾ ಉಯೆನೊ ತಲುಪಿದಳು. ಮರುವರ್ಷ ಅವಳೇ ಜಪಾನಿನ ಅನೇಕ ಊರುಗಳಿಗೆ ಸಂಚಾರ ಹೊರಟಳು. ಮೊದಲು ಮಕ್ಕಳು ಆನೆಯನ್ನರಸಿ ಹೋಗಿದ್ದರು. ಈಗ ಆನೆಯೇ ಮಕ್ಕಳನ್ನರಸಿ ಬಂತು.

ಆದರೆ ಉಯೆನೊದ ಪಾಲಕರಿಗೆ ಮೊದಲಿಗೇ ಒಂದು ತೊಡಕು ಎದುರಾಗಿತ್ತು. ಇಂದಿರಾಳಿಗೆ ತಿಳಿಯುತ್ತಿದ್ದುದು ಕನ್ನಡವೊಂದೇ. ಜಪಾನೀ ಮಾತು ಅವಳ ಕಿವಿಗೆ ಹೋಗುತ್ತಿರಲಿಲ್ಲ. ಆಗ ಅವಳಿಗೆ ಹೊಸ ಭಾಷೆ ಕಲಿಸುವುದಕ್ಕೆ ಮೊದಲು ಪಾಲಕರೇ, ಜೊತೆಯಲ್ಲಿ ಹೋಗಿದ್ದ ಮಾವುತರಿಬ್ಬರಿಂದ ಅವಳ ಮಾತನ್ನು ಕಲಿತರು. ಎರಡು ತಿಂಗಳು ಹಿಡಿಯಿತಂತೆ. 1983ರಲ್ಲಿ ಸಾಯುವವರೆಗೂ ಇಂದಿರಾ ಅಲ್ಲಿಯೇ ಇದ್ದಳು.

ಈ ಕಥೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಆದರೆ ಬಾಲಭವನದ ರೈಲಿನಲ್ಲಿ ಕುಳಿತಿದ್ದ ನಮ್ಮನ್ನು ಅದು ಚುಚ್ಚಿತು. ಸಾವಿರಾರು ಮೈಲಿ ದೂರದ ಉಯೆನೊದಲ್ಲಿ ಒಂದು ಆನೆಗಾಗಿ ಇಬ್ಬರು ಕನ್ನಡ ಕಲಿತರು. ಲಕ್ಷ್ಮೀ ನಗರದಲ್ಲಿ ಹೆತ್ತ ಮಕ್ಕಳ ಜೊತೆ ನಾವು ಕನ್ನಡ ಬಿಟ್ಟೆವು. ಕನ್ನಡ ಶಾಲೆ ಇರುವುದು ದೂರದ ಲೋದಿ ಎಸ್ಟೇಟಿನಲ್ಲಿ ಎಂದೆವು, ನೆರೆಹೊರೆಯದೆಲ್ಲ ಹಿಂದಿ ಎಂದೆವು, ಕಚೇರಿಯಿಂದ ಬರುವಷ್ಟರಲ್ಲಿ ಹೊತ್ತಾಗುತ್ತದೆ ಎಂದೆವು. ಯಾವುದೂ ಸುಳ್ಳಲ್ಲ. ಆದರೂ ಎರಡು ತಿಂಗಳ ಶ್ರಮವನ್ನು ನಾವು ಕೂಡಿಸಲಿಲ್ಲ.

ಅಂದು ಮಕ್ಕಳು ಇನ್ನೊಂದು ಸುತ್ತು ಬೇಕೆಂದು ಹಟ ಹಿಡಿದರು. ಮತ್ತೆ ಹತ್ತಿಸಿದೆವು. ಆ ಸುತ್ತಿನಲ್ಲಿ ಆನೆ ರೈಲಿನ ಕಥೆಯನ್ನು ಕನ್ನಡದಲ್ಲಿಯೇ ಹೇಳಲು ತೊಡಗಿದೆವು. ಅರ್ಧ ಅವರಿಗೆ ತಿಳಿಯಲಿಲ್ಲ. ತಿಳಿಯದ ಮಾತಿಗೆಲ್ಲ ‘ಅಂದರೇನು?’ ಎಂದು ಕೇಳುತ್ತ ಹೋದರು. ಕಥೆ ನಗೋಯಾ ತಲುಪುವ ಮೊದಲೇ ರೈಲು ನಿಂತಿತು. ಉಳಿದದ್ದನ್ನು ಯಮುನೆ ದಾಟುತ್ತ ಹೇಳಿದೆವು.